ನ್ಯೂಜಿಲೆಂಡಿನಲ್ಲಿ ಔಷಧಕ್ಕೆ ಸರ್ಕಾರದ ದುಡ್ಡು: ಫಾರ್ಮ್ಯಾಕ್ ಪಟ್ಟಿಯನ್ನು ಓದುವುದು, ಬಳಸುವುದು

ಆಕ್ಲೆಂಡಿನ ಯಾವುದಾದರೂ ಫಾರ್ಮಸಿಯಲ್ಲಿ ಒಂದೇ ಕೌಂಟರಿನ ಮುಂದೆ ನಿಂತ ಇಬ್ಬರಲ್ಲಿ ಒಬ್ಬರು ಮೂರು ತಿಂಗಳ ಮಾತ್ರೆಗೆ 5 ಡಾಲರ್ ಕೊಟ್ಟು ಹೊರಡುತ್ತಾರೆ. ಇನ್ನೊಬ್ಬರು ಅದೇ ಮಾತ್ರೆಗೆ ಪೂರ್ತಿ ಬೆಲೆ ತೆರುತ್ತಾರೆ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ವೀಸಾ, ಆ ಔಷಧದ ಮುಂದೆ ಬರೆದಿರುವ ಷರತ್ತು, ಇಲ್ಲವೇ ಬ್ರ್ಯಾಂಡು. ಮೂರನ್ನೂ ಡಾಕ್ಟರ ಹತ್ತಿರ ಹೋಗುವ ಮೊದಲೇ ಮನೆಯಲ್ಲಿ ಕೂತು ನೋಡಿಕೊಳ್ಳಬಹುದು.

ದುಡ್ಡು ಯಾರದು, ಲೆಕ್ಕ ಯಾರದು

ಫಾರ್ಮ್ಯಾಕ್ 1993ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಯಾವ ಔಷಧಕ್ಕೆ, ಯಾರಿಗೆ, ಎಷ್ಟು ದುಡ್ಡು ಕೊಡಬೇಕು ಎಂದು ಇಡೀ ದೇಶದ ಪರವಾಗಿ ಅದು ತೀರ್ಮಾನಿಸುತ್ತದೆ. ಸುಮಾರು 50 ಲಕ್ಷ ಜನರ ದೇಶಕ್ಕೆ ಒಬ್ಬನೇ ದೊಡ್ಡ ಗಿರಾಕಿ, ಆದ್ದರಿಂದ ಚೌಕಾಸಿ ಮಾಡುವ ಶಕ್ತಿಯೂ ಅದಕ್ಕೇ. ಮೊದಲು ಊರಲ್ಲಿ ಕೊಳ್ಳುವ ಮಾತ್ರೆಯಷ್ಟೇ ಅದರ ಪಾಲಿಗಿತ್ತು. 2012ರಲ್ಲಿ ಲಸಿಕೆಗಳು, 2013ರಲ್ಲಿ ಆಸ್ಪತ್ರೆಯೊಳಗಿನ ಔಷಧಗಳೂ ಅದರ ಕೈಗೆ ಬಂದವು.

ಹೊಸದಾಗಿ ಬಂದವರು ಎಡವುವ ಮೊದಲ ಜಾಗ ಇಲ್ಲೇ. ಔಷಧ ಸುರಕ್ಷಿತವೇ, ಕೆಲಸ ಮಾಡುತ್ತದೆಯೇ ಎಂದು ನೋಡಿ ಮಾರಾಟಕ್ಕೆ ಒಪ್ಪಿಗೆ ಕೊಡುವುದು ಮೆಡ್‌ಸೇಫ್. ಅದಕ್ಕೆ ದುಡ್ಡು ಕೊಡಬೇಕೇ ಎಂದು ನೋಡುವುದು ಫಾರ್ಮ್ಯಾಕ್. ಮೆಡ್‌ಸೇಫ್ ಒಪ್ಪಿದ ಔಷಧಕ್ಕೆ ಫಾರ್ಮ್ಯಾಕ್ ವರ್ಷಗಟ್ಟಲೆ ದುಡ್ಡು ಕೊಡದಿರಬಹುದು. ಡಾಕ್ಟರ ಚೀಟಿ ಬೇಕಾಗುವ ಔಷಧಗಳನ್ನು ಟಿವಿಯಲ್ಲಿ ನೇರವಾಗಿ ಜನರಿಗೇ ಜಾಹೀರಾತು ಮಾಡಲು ಬಿಡುವ ದೇಶಗಳು ಬೆರಳೆಣಿಕೆಯಷ್ಟು. ನ್ಯೂಜಿಲೆಂಡ್ ಅವುಗಳಲ್ಲಿ ಒಂದು. ಟಿವಿಯಲ್ಲಿ ಕಂಡಿತು ಅಂದಮಾತ್ರಕ್ಕೆ ಅದು 5 ಡಾಲರಿಗೆ ಸಿಗುತ್ತದೆ ಎಂದುಕೊಳ್ಳಬೇಡಿ.

ಮೊದಲ ಪ್ರಶ್ನೆ ವೀಸಾದ್ದು

ಪೌರರು ಮತ್ತು ರೆಸಿಡೆಂಟ್ ವೀಸಾ ಇರುವವರು ಅರ್ಹರು. ಕೆಲಸದ ವೀಸಾದಲ್ಲಿ ಇರುವವರಿಗೆ ಅದು 2 ವರ್ಷ ಅಥವಾ ಹೆಚ್ಚಿನದ್ದಾಗಿರಬೇಕು. ಈಗಿನ ವೀಸಾ ಚಿಕ್ಕದಾಗಿದ್ದರೂ, ಅದಕ್ಕೆ ಅಂಟಿಕೊಂಡಂತೆ ಹಿಂದೆ ಇಲ್ಲಿ ಕಾನೂನುಬದ್ಧವಾಗಿ ಇದ್ದ ಅವಧಿಯನ್ನೂ ಕೂಡಿದಾಗ 2 ವರ್ಷ ಆದರೆ ನಡೆಯುತ್ತದೆ. ಅರ್ಹ ತಂದೆ ಅಥವಾ ತಾಯಿಯ ಜೊತೆಗಿರುವ 18ರೊಳಗಿನ ಮಕ್ಕಳಿಗೆ ಅದೇ ಅರ್ಹತೆ ಬರುತ್ತದೆ.

ಗಂಡ ಅಥವಾ ಹೆಂಡತಿಗೆ ಮಾತ್ರ ಅದು ತಾನಾಗಿ ಬರುವುದಿಲ್ಲ. ಒಬ್ಬರ ವೀಸಾ 3 ವರ್ಷದ್ದು, ಇನ್ನೊಬ್ಬರದು 1 ವರ್ಷದ್ದು ಆಗಿದ್ದರೆ, ಒಂದೇ ಮನೆಯಲ್ಲಿ ಎರಡು ಬೆಲೆ. ವಿದ್ಯಾರ್ಥಿ ವೀಸಾದವರಿಗೆ ಮತ್ತು ಊರಿಂದ ನೋಡಲು ಬರುವ ಅಪ್ಪ ಅಮ್ಮನಿಗೆ ಸಾಮಾನ್ಯವಾಗಿ ಈ ಸೌಲಭ್ಯ ಇಲ್ಲ. ಅವರು ಔಷಧದ ಬೆಲೆಯ ಜೊತೆ ಫಾರ್ಮಸಿಯ ಶುಲ್ಕವನ್ನೂ ಕೊಡಬೇಕು. ಅಪಘಾತದ ಗಾಯಕ್ಕೆ ಮಾತ್ರ ಬೇರೆ ಲೆಕ್ಕ: ಅದು ಎಸಿಸಿ ಎಂಬ ಸರ್ಕಾರಿ ಅಪಘಾತ ವಿಮೆಯಡಿ ಬರುತ್ತದೆ, ಪ್ರವಾಸಿಗಳಿಗೂ ಅನ್ವಯಿಸುತ್ತದೆ.

ಜೀಪಿ, ಅಂದರೆ ಮಾಮೂಲು ಕುಟುಂಬ ವೈದ್ಯರ ಕ್ಲಿನಿಕ್ಕಿಗೆ ಮೊದಲ ಸಲ ಹೋಗುವಾಗ ಪಾಸ್‌ಪೋರ್ಟ್ ಮತ್ತು ವೀಸಾ ಪತ್ರ ಎರಡನ್ನೂ ಒಯ್ಯಿರಿ. ಅರ್ಹತೆ ಎನ್‌ಎಚ್‌ಐ ಎಂಬ ನಿಮ್ಮ ಆರೋಗ್ಯ ಸಂಖ್ಯೆಯ ಜೊತೆ ದಾಖಲಾಗುತ್ತದೆ. ವೀಸಾ ನವೀಕರಣವಾದ ಮೇಲೆ ಕ್ಲಿನಿಕ್ಕಿಗೆ ಹೊಸ ಪತ್ರ ಕೊಡಲು ಮರೆತರೆ ಫಾರ್ಮಸಿಯ ಕಂಪ್ಯೂಟರ್ ನಿಮ್ಮನ್ನು ಅನರ್ಹ ಎಂದು ತೋರಿಸಬಹುದು. ಕೌಂಟರಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ, ಸರಿಪಡಿಸುವುದು ಕ್ಲಿನಿಕ್ಕಿನಲ್ಲಿ.

ಪಟ್ಟಿಯನ್ನು ಓದುವುದು

ಫಾರ್ಮ್ಯಾಕ್‌ನ ಔಷಧ ಪಟ್ಟಿ, ಅಂದರೆ ಫಾರ್ಮಸ್ಯುಟಿಕಲ್ ಶೆಡ್ಯೂಲ್, ಅದರ ವೆಬ್‌ಸೈಟಿನಲ್ಲಿ ಎಲ್ಲರಿಗೂ ತೆರೆದಿದೆ. ತಿಂಗಳಿಗೊಮ್ಮೆ ಬದಲಾಗುತ್ತದೆ. ಹುಡುಕುವಾಗ ಭಾರತದ ಬ್ರ್ಯಾಂಡ್ ಹೆಸರು ಹಾಕಿದರೆ ಏನೂ ಸಿಗುವುದಿಲ್ಲ. ಮೂಲ ಔಷಧದ ಹೆಸರು ಬೇಕು: ಗ್ಲೈಕೋಮೆಟ್ ಅಲ್ಲ, ಮೆಟ್‌ಫಾರ್ಮಿನ್, ಟೆಲ್ಮಾ ಅಲ್ಲ, ಟೆಲ್ಮಿಸಾರ್ಟಾನ್. ಸ್ಟ್ರಿಪ್ಪಿನ ಹಿಂದೆ ಚಿಕ್ಕ ಅಕ್ಷರದಲ್ಲಿರುವ ಹೆಸರೇ ಇಲ್ಲಿ ಮುಖ್ಯ. ಊರಿನ ಡಾಕ್ಟರು ಬರೆದದ್ದು ಎರಡು ಮೂರು ಔಷಧ ಸೇರಿಸಿದ ಒಂದೇ ಮಾತ್ರೆಯಾದರೆ ಒಂದೊಂದನ್ನೂ ಬೇರೆ ಬೇರೆ ಹುಡುಕಿ. ಅಂಥ ಮಿಶ್ರಣಗಳಲ್ಲಿ ಬಹಳಷ್ಟು ಇಲ್ಲಿ ಸಿಗುವುದೇ ಇಲ್ಲ. ಜೀಪಿ ಅದೇ ಗುಂಪಿನ, ಪಟ್ಟಿಯಲ್ಲಿರುವ ಬೇರೆ ಔಷಧಕ್ಕೆ ಬದಲಿಸುವ ಸಾಧ್ಯತೆಯೇ ಹೆಚ್ಚು.

ಔಷಧ ಸಿಕ್ಕ ಮೇಲೆ ಮೂರು ವಿಷಯ ಗಮನಿಸಿ.

ಒಂದು, ಅದು ಯಾವ ವಿಭಾಗದಲ್ಲಿದೆ. ವಿಭಾಗ ಬಿ ಹೊರಗೆ ಫಾರ್ಮಸಿಯಲ್ಲಿ ಸಿಗುವ ಔಷಧಗಳದ್ದು, ವಿಭಾಗ ಎಚ್ ಆಸ್ಪತ್ರೆಯದ್ದು, ವಿಭಾಗ ಐ ಲಸಿಕೆಗಳದ್ದು. ವಿಭಾಗ ಎಚ್‌ನಲ್ಲಿ ಮಾತ್ರ ಇರುವುದು ವಾರ್ಡಿನಲ್ಲಿ ಪುಕ್ಕಟೆ ಸಿಗುತ್ತದೆ. ಡಿಸ್‌ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಅದೇ ಔಷಧವನ್ನು ಮುಂದುವರಿಸಲು ಹೋದಾಗ ಬಿಲ್ಲು ಬರುತ್ತದೆ. ಆಸ್ಪತ್ರೆ ಬಿಡುವ ಮುನ್ನವೇ "ಇದು ಹೊರಗೂ ಫಂಡೆಡ್ ಆಗಿದೆಯಾ?" ಎಂದು ಕೇಳಿ.

ಎರಡು, ಕೊಡುವ ಹಣ ಮತ್ತು ಕಂಪನಿಯ ಬೆಲೆ ಒಂದೇ ಇದೆಯೇ. ಬೆಲೆ ಹೆಚ್ಚಿದ್ದರೆ ಆ ವ್ಯತ್ಯಾಸ 5 ಡಾಲರಿನ ಮೇಲೆ ನಿಮ್ಮ ಜೇಬಿನಿಂದ ಹೋಗುತ್ತದೆ. ಆ ಬ್ರ್ಯಾಂಡಿನ ಪಕ್ಕದಲ್ಲೇ ಪೂರ್ತಿ ದುಡ್ಡು ಸಿಗುವ ಇನ್ನೊಂದು ಬ್ರ್ಯಾಂಡ್ ಇರುವುದುಂಟು.

ಮೂರು, "ಸ್ಪೆಷಲ್ ಅಥಾರಿಟಿ" ಅಥವಾ "ಎಂಡಾರ್ಸ್‌ಮೆಂಟ್" ಎಂಬ ಗುರುತು. ಎರಡನೆಯದು ಸಲೀಸು: ರೋಗಿ ಇಂಥ ಸ್ಥಿತಿಯಲ್ಲಿದ್ದಾರೆ ಎಂದು ಡಾಕ್ಟರು ಚೀಟಿಯಲ್ಲೇ ಬರೆದರೆ ಸಾಕು. ಬರೆಯಲು ಮರೆತರೆ ಫಾರ್ಮಸಿಯವರು ಫೋನ್ ಮಾಡಿ ಕೇಳಬೇಕಾಗುತ್ತದೆ, ನಿಮ್ಮ ಅರ್ಧ ದಿನ ಹೋಗುತ್ತದೆ. ಮೊದಲನೆಯದು ಒಬ್ಬೊಬ್ಬ ರೋಗಿಗೂ ಅರ್ಜಿ ಹಾಕಿ ಪಡೆಯುವ ಒಪ್ಪಿಗೆ, ಅದಕ್ಕೆ ಇನ್ನಷ್ಟು ತಯಾರಿ ಬೇಕು.

ಪಟ್ಟಿಯಲ್ಲಿ ಕಾಣುವ ಬೆಲೆಯೇ ಸರ್ಕಾರ ಕೊಡುವ ಬೆಲೆ ಎಂದು ತಿಳಿಯಬೇಡಿ. ದುಬಾರಿ ಔಷಧಗಳ ವಿಷಯದಲ್ಲಿ ಕಂಪನಿಗಳು ಗುಟ್ಟಿನ ಒಪ್ಪಂದದಡಿ ಒಂದಷ್ಟನ್ನು ವಾಪಸ್ ಕೊಡುತ್ತವೆ. ಆ ಮೊತ್ತ ಎಲ್ಲೂ ಪ್ರಕಟವಾಗುವುದಿಲ್ಲ.

ಸ್ಪೆಷಲ್ ಅಥಾರಿಟಿ: ಶುಗರ್ ಔಷಧದ ಉದಾಹರಣೆ

ನಮ್ಮವರಲ್ಲಿ ಶುಗರ್ ಹೆಚ್ಚು, ಆದ್ದರಿಂದ ಅದನ್ನೇ ತೆಗೆದುಕೊಳ್ಳೋಣ. ಟೈಪ್ 2 ಸಕ್ಕರೆ ಕಾಯಿಲೆಗೆ ಎಂಪಾಗ್ಲಿಫ್ಲೊಜಿನ್ ಮತ್ತು ಡ್ಯುಲಾಗ್ಲುಟೈಡ್ ಎರಡಕ್ಕೂ 2021ರಲ್ಲಿ ದುಡ್ಡು ಸಿಗತೊಡಗಿತು. ಷರತ್ತು ಎರಡು ಹಂತದ್ದು. ಕನಿಷ್ಠ ಒಂದು ಶುಗರ್ ಔಷಧವನ್ನು 3 ತಿಂಗಳು ಸರಿಯಾಗಿ ತೆಗೆದುಕೊಂಡ ಮೇಲೂ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆಯ ಅಂಕೆ, 53ಕ್ಕಿಂತ ಮೇಲಿರಬೇಕು. ಅದರ ಜೊತೆಗೆ ಇವುಗಳಲ್ಲಿ ಒಂದಾದರೂ ಇರಬೇಕು: ಮಾವೊರಿ ಅಥವಾ ಪೆಸಿಫಿಕ್ ಮೂಲ; ಈಗಾಗಲೇ ಹೃದಯ-ರಕ್ತನಾಳದ ಕಾಯಿಲೆ; ಮುಂದಿನ 5 ವರ್ಷದಲ್ಲಿ ಅದು ಬರುವ ಅಪಾಯ ಶೇ 15 ಅಥವಾ ಹೆಚ್ಚು; ಬಾಲ್ಯದಲ್ಲೋ ಎಳೆಯ ಪ್ರಾಯದಲ್ಲೋ ಶುಗರ್ ಪತ್ತೆಯಾಗಿ ಜೀವಮಾನದ ಅಪಾಯ ಹೆಚ್ಚಿರುವುದು; ಅಥವಾ ಶುಗರ್‌ನಿಂದ ಬಂದ ಕಿಡ್ನಿ ತೊಂದರೆ.

ದಕ್ಷಿಣ ಏಷ್ಯಾ ಮೂಲ ಎಂಬುದು ಆ ಸಾಲಿನಲ್ಲಿಲ್ಲ. ನಮಗೂ ಅಪಾಯ ಹೆಚ್ಚು ಎಂಬ ವಾದ ಸರಿಯೇ, ಆದರೆ ಅರ್ಜಿಯಲ್ಲಿ ವಾದಕ್ಕೆ ಜಾಗವಿಲ್ಲ, ಟಿಕ್ ಮಾಡಲು ಚೌಕ ಮಾತ್ರ ಇದೆ. ನಮ್ಮವರು ಬಹುಪಾಲು ಶೇ 15ರ ಅಪಾಯ ಅಥವಾ ಕಿಡ್ನಿಯ ದಾರಿಯಲ್ಲೇ ಒಳಗೆ ಬರುವುದು. ಅದಕ್ಕೆ ಹೃದಯದ ಅಪಾಯದ ಲೆಕ್ಕವೂ ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆಯೂ ಹೊಸದಾಗಿ ಆಗಿರಬೇಕು. ಎರಡೂ ಆಗದಿದ್ದರೆ ಜೀಪಿಗೆ ಟಿಕ್ ಮಾಡಲು ಆಧಾರವೇ ಇರುವುದಿಲ್ಲ. ಅಪಾಯಿಂಟ್‌ಮೆಂಟಿಗೆ ಒಂದು ವಾರ ಮೊದಲೇ ಲ್ಯಾಬ್ ಫಾರ್ಮ್ ಕೇಳಿ ಪರೀಕ್ಷೆ ಮುಗಿಸಿಕೊಂಡರೆ ಒಂದು ಭೇಟಿಯ ಶುಲ್ಕ ಉಳಿಯುತ್ತದೆ.

53 ಎಂದರೆ ಊರಿನ ಲೆಕ್ಕದಲ್ಲಿ 7. ಭಾರತದ ಲ್ಯಾಬುಗಳು ಶೇಕಡಾದಲ್ಲಿ ಕೊಡುತ್ತವೆ, ಇಲ್ಲಿನವು mmol/mol ಎಂಬ ಬೇರೆ ಅಳತೆಯಲ್ಲಿ. ಶೇಕಡಾ ಅಂಕೆಯಿಂದ 2.15 ಕಳೆದು 10.93ರಿಂದ ಗುಣಿಸಿ: 7 ಆದರೆ 53, 8 ಆದರೆ 64, 9 ಆದರೆ 75. ಬೆರಳು ಚುಚ್ಚಿ ನೋಡುವ ಶುಗರ್ ಅಂಕೆಯನ್ನು 18ರಿಂದ ಭಾಗಿಸಿದರೆ ಇಲ್ಲಿನ ಅಂಕೆ: ಊರಿನ 180, ಇಲ್ಲಿ 10. ಹಳೆಯ ರಿಪೋರ್ಟಿನಲ್ಲಿ "8.2" ಎಂದು ಕಂಡ ಇಲ್ಲಿನ ನರ್ಸ್ ಅದನ್ನು ರಕ್ತದ ಸಕ್ಕರೆ ಎಂದುಕೊಳ್ಳುವ ಸಾಧ್ಯತೆ ಇರುವುದರಿಂದ ಪಕ್ಕದಲ್ಲಿ ಅಳತೆಯ ಹೆಸರನ್ನೂ ಪರಿವರ್ತಿಸಿದ ಅಂಕೆಯನ್ನೂ ಬರೆದುಕೊಂಡು ಹೋಗಿ.

ಅರ್ಜಿ ಹಾಕುವುದು ಡಾಕ್ಟರ ಅಥವಾ ಔಷಧ ಬರೆಯುವ ಹಕ್ಕಿರುವ ನರ್ಸ್‌ನ ಕೆಲಸ. ರೋಗಿಗೆ ಅದರ ಫಾರ್ಮ್ ಇಲ್ಲ. ಕಂಪ್ಯೂಟರಿನಲ್ಲಿ ಷರತ್ತುಗಳಿಗೆ ಉತ್ತರಿಸಿದರೆ ಬಹಳ ಸಲ ಅಲ್ಲೇ ಒಪ್ಪಿಗೆಯ ಸಂಖ್ಯೆ ಬರುತ್ತದೆ. ಆ ಸಂಖ್ಯೆ ನಿಮ್ಮ ಎನ್‌ಎಚ್‌ಐಗೆ ಅಂಟಿಕೊಂಡಿರುವುದರಿಂದ ಯಾವ ಊರಿನ ಫಾರ್ಮಸಿಗೆ ಹೋದರೂ ಕಾಣುತ್ತದೆ. ಆದರೆ ಕೆಲವು ಒಪ್ಪಿಗೆಗಳಿಗೆ ಮುಗಿಯುವ ದಿನ ಉಂಟು. ಮುಗಿದ ಮರುದಿನ ಚೀಟಿ ಸರಿಯಾಗಿದ್ದರೂ ಫಾರ್ಮಸಿ ಪೂರ್ತಿ ಬೆಲೆ ಹೇಳುತ್ತದೆ. ಒಪ್ಪಿಗೆ ಸಿಕ್ಕ ದಿನವೇ ಮುಗಿಯುವ ತಾರೀಖು ಕೇಳಿ ಫೋನಿನಲ್ಲಿ ಒಂದು ತಿಂಗಳ ಮೊದಲಿಗೆ ಅಲಾರಂ ಇಡಿ. ನವೀಕರಣಕ್ಕೆ ಔಷಧದಿಂದ ಉಪಯೋಗವಾಗಿದೆ ಎಂಬುದಕ್ಕೆ ಪುರಾವೆ ಕೇಳುವ ಔಷಧಗಳೂ ಇವೆ, ಅದಕ್ಕೆ ಮತ್ತೆ ರಕ್ತ ಪರೀಕ್ಷೆ ಬೇಕು. ಒಪ್ಪಿಗೆಗೆ ಮೊದಲು ಕೈಯಿಂದ ಕೊಟ್ಟ ಹಣ ಆಮೇಲೆ ವಾಪಸ್ ಬರುತ್ತದೆ ಎಂದು ನಂಬಿಕೊಂಡು ಕೊಳ್ಳಬೇಡಿ.

ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರಿಗೂ ಹೀಗೇ. 2024ರ ಅಕ್ಟೋಬರ್ 1ರಿಂದ ಟೈಪ್ 1 ಮತ್ತು ಅದರಂಥ ಕೆಲವು ಇನ್ಸುಲಿನ್ ಕೊರತೆಯ ಸ್ಥಿತಿಗಳಿಗೆ ದುಡ್ಡು ಬಂತು. ಮಾತ್ರೆಯಲ್ಲಿರುವ ಟೈಪ್ 2 ಮಂದಿಗೆ ಅದು ತೆರೆದುಕೊಂಡಿಲ್ಲ.

ಬ್ರ್ಯಾಂಡ್ ಬದಲಾದಾಗ

ಪೇಟೆಂಟ್ ಮುಗಿದ ಔಷಧಗಳಿಗೆ ಫಾರ್ಮ್ಯಾಕ್ ಟೆಂಡರ್ ಕರೆಯುತ್ತದೆ. ಗೆದ್ದ ಕಂಪನಿಗೆ ಕೆಲವು ವರ್ಷ ಹೆಚ್ಚೂಕಡಿಮೆ ಇಡೀ ದೇಶದ ಮಾರುಕಟ್ಟೆ. ಅದಕ್ಕೇ ಬೆಲೆ ಅಷ್ಟು ಕೆಳಗಿಳಿಯುವುದು. ಗೆದ್ದವುಗಳಲ್ಲಿ ಭಾರತದಲ್ಲೇ ತಯಾರಾದ ಮಾತ್ರೆಗಳೂ ಸಾಕಷ್ಟಿವೆ, ಬ್ರ್ಯಾಂಡ್ ಹೆಸರು ಮಾತ್ರ ಬೇರೆ. ಉಳಿದ ದುಡ್ಡಿನಲ್ಲೇ ಹೊಸ ಔಷಧಗಳನ್ನು ಕೊಳ್ಳುವುದರಿಂದ ಈ ಪದ್ಧತಿಯನ್ನು ಫಾರ್ಮ್ಯಾಕ್ ಸುಲಭಕ್ಕೆ ಬಿಡುವುದಿಲ್ಲ.

ಇದಕ್ಕೆ ಎರಡು ಬೆಲೆ ತೆರಬೇಕಾಗುತ್ತದೆ. ಒಬ್ಬನೇ ಪೂರೈಕೆದಾರನ ಕಾರ್ಖಾನೆಯಲ್ಲಿ ತೊಂದರೆಯಾದರೆ ದೇಶದಲ್ಲಿ ದಾಸ್ತಾನು ಖಾಲಿ. ಆಗ ಫಾರ್ಮಸಿಯವರು ಮೂರು ತಿಂಗಳ ಬದಲು ಒಂದೇ ತಿಂಗಳದ್ದನ್ನು ಕೊಡುತ್ತಾರೆ. ಬೈದು ಫಲವಿಲ್ಲ, ಮೇಲಿಂದ ಹಾಗೆ ಸೂಚನೆ ಬಂದಿರುತ್ತದೆ. ಎರಡನೆಯದು ಬಣ್ಣ, ಆಕಾರ ಬದಲಾದ ಮಾತ್ರೆ. ವಯಸ್ಸಾದವರು ಹಳೆಯದನ್ನೂ ಹೊಸದನ್ನೂ ಬೇರೆ ಬೇರೆ ಔಷಧ ಎಂದುಕೊಂಡು ಎರಡನ್ನೂ ನುಂಗುವುದು ನಿಜವಾದ ಅಪಾಯ. ಮನೆಗೆ ತಂದ ದಿನವೇ ಹಳೆಯ ಡಬ್ಬಿಯನ್ನು ತೆಗೆದಿಡಿ, ಹೊಸದರ ಮೇಲೆ "ಬಿಪಿ, ಬೆಳಿಗ್ಗೆ" ಎಂದು ಕನ್ನಡದಲ್ಲಿ ಬರೆಯಿರಿ.

ಹೆಚ್ಚಿನ ಔಷಧಗಳಲ್ಲಿ ಬ್ರ್ಯಾಂಡ್ ಬದಲಾದರೆ ಏನೂ ಆಗುವುದಿಲ್ಲ. ಮೂರ್ಛೆ ರೋಗದ ಔಷಧಗಳಲ್ಲಿ ಎಚ್ಚರ ಬೇಕು. 2019ರ ಅಕ್ಟೋಬರಿನಲ್ಲಿ ಲ್ಯಾಮೋಟ್ರಿಜಿನ್‌ಗೆ ಲೋಜೆಮ್ ಒಂದೇ ಬ್ರ್ಯಾಂಡಿಗೆ ದುಡ್ಡು ಎಂದಾಯಿತು. ಆಮೇಲೆ ಕೆಲವು ಸಾವುಗಳು ವರದಿಯಾಗಿ, ಸಾವಿನ ಕಾರಣ ಹುಡುಕುವ ಅಧಿಕಾರಿಯಾದ ಕೊರೋನರ್ ತನಿಖೆಗೆ ಹೋದವು. ಅದೇ ವರ್ಷ, ಬದಲಾವಣೆ ಒಗ್ಗದವರಿಗೆ ಹಳೆಯ ಬ್ರ್ಯಾಂಡಿಗೂ ದುಡ್ಡು ಕೊಡುವ ವಿನಾಯಿತಿ ತೆರೆದರು. ಬದಲಾದ ಮೇಲೆ ಹೊಸ ತೊಂದರೆ ಕಂಡರೆ ಮಾತ್ರೆ ನಿಲ್ಲಿಸಬೇಡಿ. ತಾರೀಖು, ಬ್ರ್ಯಾಂಡ್, ಏನಾಯಿತು ಎಂಬುದನ್ನು ಬರೆದು ಡಾಕ್ಟರಿಗೆ ತೋರಿಸಿ, ವಿನಾಯಿತಿಗೆ ಅರ್ಜಿ ಹಾಕಲು ಕೇಳಿ.

5 ಡಾಲರಿನ ಲೆಕ್ಕ

2023ರ ಜುಲೈ 1ರಂದು 5 ಡಾಲರ್ ಶುಲ್ಕವನ್ನು ತೆಗೆದುಹಾಕಿದರು. ಸರ್ಕಾರ ಬದಲಾಗಿ 2024ರ ಜುಲೈ 1ರಂದು ಮರಳಿ ಬಂತು. 14ರೊಳಗಿನ ಮಕ್ಕಳು, 65 ದಾಟಿದವರು ಮತ್ತು ಕಮ್ಯೂನಿಟಿ ಸರ್ವಿಸಸ್ ಕಾರ್ಡ್ ಇರುವವರು ಕೊಡಬೇಕಿಲ್ಲ. ಆದಾಯ ಕಡಿಮೆ ಇರುವ ಹೊಸ ಸಂಸಾರಗಳು ಈ ಕಾರ್ಡಿಗೆ ಅರ್ಜಿಯನ್ನೇ ಹಾಕಿರುವುದಿಲ್ಲ, ಹಾಕಿ ನೋಡಿ. ಖಾಸಗಿ ಸ್ಪೆಷಲಿಸ್ಟ್ ಬರೆದ ಚೀಟಿಗೆ 5ರ ಬದಲು 15 ಡಾಲರ್ ಆಗಬಹುದು. ಕೆಲವು ದೊಡ್ಡ ಅಂಗಡಿಗಳು 5 ಡಾಲರನ್ನು ತಾವೇ ಹೊತ್ತುಕೊಳ್ಳುತ್ತವೆ.

ವರ್ಷದ ಮಿತಿ 20 ಐಟಂ, ಅಂದರೆ ಚೀಟಿಯಲ್ಲಿನ ಒಂದೊಂದು ಔಷಧವೂ ಒಂದು ಐಟಂ. ಫೆಬ್ರವರಿ 1ರಿಂದ ಜನವರಿ 31ರವರೆಗೆ ಗಂಡ, ಹೆಂಡತಿ, ಅವಲಂಬಿತ ಮಕ್ಕಳು ಸೇರಿ 20 ಐಟಂಗೆ ಶುಲ್ಕ ಕೊಟ್ಟ ಮೇಲೆ ಆ ವರ್ಷ ಉಳಿದದ್ದಕ್ಕೆ ಶುಲ್ಕ ಇಲ್ಲ. ಎಲ್ಲರೂ ಒಂದೇ ಕುಟುಂಬ ಎಂದು ಫಾರ್ಮಸಿಗೆ ನೀವಾಗಿ ಹೇಳದಿದ್ದರೆ ಅವರು ಒಟ್ಟುಗೂಡಿಸುವುದಿಲ್ಲ. ಬೇರೆ ಬೇರೆ ಕಡೆ ಕೊಳ್ಳುವವರು ರಶೀದಿ ಇಟ್ಟುಕೊಳ್ಳಿ.

ಚೀಟಿಯ ಅವಧಿಯೂ ಬದಲಾಗಿದೆ. ಹಿಂದೆ 3 ತಿಂಗಳಿಗೊಮ್ಮೆ ಚೀಟಿ ಬೇಕಿತ್ತು. 2025ರ ಬಜೆಟ್ಟಿನಲ್ಲಿ ಪ್ರಕಟಿಸಿದಂತೆ 2026ರ ಫೆಬ್ರವರಿ 1ರಿಂದ ಸ್ಥಿರವಾಗಿರುವ ರೋಗಿಗೆ ಡಾಕ್ಟರು 12 ತಿಂಗಳ ಚೀಟಿ ಬರೆಯಬಹುದು. ಔಷಧ ಕೈಗೆ ಸಿಗುವುದು ಆಗಲೂ ಒಂದು ಸಲಕ್ಕೆ 3 ತಿಂಗಳದ್ದೇ.

ಪಟ್ಟಿಯಲ್ಲಿ ಇಲ್ಲದ ಔಷಧ

ಹೊಸ ಔಷಧವನ್ನು ಪಟ್ಟಿಗೆ ಸೇರಿಸಿ ಎಂದು ಯಾರು ಬೇಕಾದರೂ ಅರ್ಜಿ ಹಾಕಬಹುದು. ಕಂಪನಿ, ಡಾಕ್ಟರು, ರೋಗಿಗಳ ಸಂಘ, ಒಬ್ಬ ರೋಗಿ ಕೂಡ. ಅರ್ಜಿ ಮೊದಲು ಪಿಟ್ಯಾಕ್ ಎಂಬ ತಜ್ಞ ವೈದ್ಯರ ಸಮಿತಿಗೋ, ಕ್ಯಾನ್ಸರ್‌ನಂಥ ಒಂದೊಂದು ಕ್ಷೇತ್ರದ ಉಪಸಮಿತಿಗೋ ಹೋಗುತ್ತದೆ. ಅವರು ಹೆಚ್ಚು, ಮಧ್ಯಮ, ಕಡಿಮೆ ಆದ್ಯತೆ ಎಂದೋ, ಖರ್ಚು ಹೆಚ್ಚದಿದ್ದರೆ ಮಾತ್ರ ಎಂದೋ, ಬೇಡ ಎಂದೋ ಸಲಹೆ ಕೊಡುತ್ತಾರೆ. ಸಭೆಯ ಟಿಪ್ಪಣಿ ವೆಬ್‌ಸೈಟಿನಲ್ಲಿ ಪ್ರಕಟವಾಗುತ್ತದೆ. ನಿಮ್ಮ ಔಷಧ ಏಕೆ ನಿಂತಿದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಓದು ಇಲ್ಲ.

ಆಮೇಲೆ ಅರ್ಥಶಾಸ್ತ್ರಜ್ಞರ ಸರದಿ. ಪೂರ್ಣ ಆರೋಗ್ಯದ ಒಂದು ವರ್ಷವನ್ನು ಒಂದು ಘಟಕ ಎಂದು ಹಿಡಿದು, 10 ಲಕ್ಷ ಡಾಲರಿಗೆ ಅಂಥ ಎಷ್ಟು ವರ್ಷ ಸಿಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಇಷ್ಟು ಬಂದರೆ ಪಾಸು, ಬಾರದಿದ್ದರೆ ಫೇಲು ಎಂಬ ಗೆರೆ ಇಲ್ಲ. 2016ರಿಂದ ಅಗತ್ಯ, ಆರೋಗ್ಯದ ಲಾಭ, ಖರ್ಚು ಮತ್ತು ಉಳಿತಾಯ, ಹೊಂದಿಕೆ ಎಂಬ ನಾಲ್ಕು ನೆಲೆಗಳಲ್ಲಿ ಔಷಧಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಿ ಸಾಲು ಮಾಡುತ್ತಾರೆ. ದುಡ್ಡು ಇರುವಷ್ಟು ಸಾಲಿನ ಮೇಲಿನವು ಬರುತ್ತವೆ. ಉಳಿದವು ಕಾಯುತ್ತವೆ, ಕೆಲವು ಹಲವಾರು ವರ್ಷ. ಬೇಡ ಎನ್ನುವುದಕ್ಕಿಂತ ಈ ಕಾಯುವಿಕೆಯೇ ರೋಗಿಗಳನ್ನು ಹೆಚ್ಚು ಹಣ್ಣು ಮಾಡುತ್ತದೆ, ಅದರ ಮೇಲಿನ ಟೀಕೆ ನ್ಯಾಯವಾದದ್ದೇ.

ವೆಬ್‌ಸೈಟಿನ ಅಪ್ಲಿಕೇಶನ್ ಟ್ರ್ಯಾಕರಿನಲ್ಲಿ ಔಷಧದ ಹೆಸರು ಹಾಕಿ ಹಂತ ನೋಡಿ. "ಆಪ್ಷನ್ಸ್ ಫಾರ್ ಇನ್ವೆಸ್ಟ್‌ಮೆಂಟ್" ಎಂದಿದ್ದರೆ ತಾತ್ವಿಕವಾಗಿ ಬೇಕು, ದುಡ್ಡಿಲ್ಲ ಎಂದರ್ಥ. ಸಮಾಲೋಚನೆ ಎಂದಿದ್ದರೆ ಕಂಪನಿಯ ಜೊತೆ ಮಾತು ಹೆಚ್ಚುಕಡಿಮೆ ಮುಗಿದಿದೆ. ಸಾರ್ವಜನಿಕರ ಅಭಿಪ್ರಾಯ ಬೇಕಾಗಿರುವುದು ಆಗಲೇ. ಆಗ "ದಯವಿಟ್ಟು ಕೊಡಿ" ಎಂಬ ಪತ್ರಕ್ಕಿಂತ "ಈ ಷರತ್ತಿನ ಈ ಸಾಲಿನಿಂದ ಇಂಥ ರೋಗಿಗಳು ಹೊರಗುಳಿಯುತ್ತಾರೆ" ಎಂಬ ಪತ್ರಕ್ಕೆ ಬೆಲೆ ಹೆಚ್ಚು, ಏಕೆಂದರೆ ಆ ಹಂತದಲ್ಲಿ ಬದಲಾಗಬಲ್ಲದ್ದು ಷರತ್ತು.

ರಾಜಕೀಯವೂ ಸಾಲನ್ನು ಮುರಿದದ್ದುಂಟು. ಸ್ತನ ಕ್ಯಾನ್ಸರಿನ ಹರ್ಸೆಪ್ಟಿನ್‌ಗೆ ಫಾರ್ಮ್ಯಾಕ್ 9 ವಾರದ ಚಿಕಿತ್ಸೆಗೆ ಮಾತ್ರ ಒಪ್ಪಿತ್ತು. 2008ರ ಚುನಾವಣೆಯಲ್ಲಿ 12 ತಿಂಗಳ ಭರವಸೆ ಕೊಟ್ಟು ಗೆದ್ದವರು ಫಾರ್ಮ್ಯಾಕ್‌ನ ಹೊರಗಿಂದಲೇ ದುಡ್ಡು ಹಾಕಿದರು. 2024ರ ಜೂನಿನಲ್ಲಿ ಕ್ಯಾನ್ಸರ್ ಮತ್ತು ಇತರ ಔಷಧಗಳಿಗೆ ನಾಲ್ಕು ವರ್ಷಕ್ಕೆ 60.4 ಕೋಟಿ ಡಾಲರ್ ಸೇರಿಸಿದಾಗ ಮಾತ್ರ ದಾರಿ ಬೇರೆ: ದುಡ್ಡು ಕೊಟ್ಟದ್ದು ಸರ್ಕಾರ, ಆರಿಸಿದ್ದು ಫಾರ್ಮ್ಯಾಕ್.

ಕಾಯಲು ಆಗದವರಿಗೆ ಎನ್‌ಪಿಪಿಎ ಎಂಬ, ಒಬ್ಬ ರೋಗಿಗಾಗಿಯೇ ಹಾಕುವ ಅರ್ಜಿ ಇದೆ. ಭಾರತದಲ್ಲಿ ಇದೇ ಅಕ್ಷರಗಳು ಔಷಧದ ಬೆಲೆ ಕಟ್ಟುವ ಪ್ರಾಧಿಕಾರದವು, ಇವೆರಡಕ್ಕೂ ಸಂಬಂಧವಿಲ್ಲ. ಪಟ್ಟಿಯಲ್ಲಿರುವ ಬದಲಿ ಔಷಧಗಳನ್ನು ಬಳಸಿ ನೋಡಿಯಾಗಿದೆ, ಅಥವಾ ಬಳಸಲು ಬಾರದು ಎಂದು ಡಾಕ್ಟರು ದಾಖಲೆ ಸಮೇತ ತೋರಿಸಬೇಕು. ನಿಮ್ಮ ಸ್ಥಿತಿ ಅಪರೂಪದ್ದಾಗಿರಬೇಕು. ನಿಮ್ಮಂಥ ನೂರಾರು ಜನರಿಗೆ ಬೇಕಾದ ಔಷಧವಾದರೆ, ಅದು ಸಾಲಿನಲ್ಲಿ ಬರಬೇಕಾದದ್ದು ಎಂದು ಅರ್ಜಿ ಬೀಳುತ್ತದೆ. ಹೆಚ್ಚು ಅರ್ಜಿಗಳು ಎಡವುವುದು ಹಿಂದಿನ ಔಷಧಗಳ ಡೋಸ್, ಎಷ್ಟು ದಿನ, ಏಕೆ ಬಿಟ್ಟದ್ದು ಎಂಬ ವಿವರ ಇಲ್ಲದೆ. ಊರಿನಲ್ಲಿ ತೆಗೆದುಕೊಂಡ ಚಿಕಿತ್ಸೆಯ ಡಿಸ್‌ಚಾರ್ಜ್ ಸಮ್ಮರಿ ಇಂಥ ಹೊತ್ತಿಗೆ ಚಿನ್ನ.

ಊರಿಂದ ತರುವಾಗ

ಅಪ್ಪ ಅಮ್ಮ ಬರುವಾಗ ಚೀಟಿಯ ಔಷಧವನ್ನು 3 ತಿಂಗಳಿಗಾಗುವಷ್ಟು ತರಬಹುದು. ಕೊಡೀನ್, ಟ್ರಮಡಾಲ್, ನಿದ್ದೆಗೆ ಕೊಡುವ ಅಲ್ಪ್ರಜೋಲಮ್‌ನಂಥ ನಿಯಂತ್ರಿತ ಔಷಧಗಳಿಗೆ ಮಿತಿ ಒಂದೇ ತಿಂಗಳು. ಊರಿನಲ್ಲಿ ಕೆಮ್ಮಿನ ಸಿರಪ್ಪಿನಲ್ಲೂ ಕೊಡೀನ್ ಇರುವುದುಂಟು, ಲೇಬಲ್ ಓದಿ. ಮಾತ್ರೆಗಳು ಮೂಲ ಸ್ಟ್ರಿಪ್ಪಿನಲ್ಲೇ ಇರಲಿ. ವಾರದ ಡಬ್ಬಿಗೆ ಬಿಡಿಸಿ ತರಬಾರದು. ಜೊತೆಗೆ ಇಂಗ್ಲಿಷಿನಲ್ಲಿ ಚೀಟಿ ಅಥವಾ ಡಾಕ್ಟರ ಪತ್ರ ಇರಬೇಕು, ಅದರಲ್ಲಿ ಬ್ರ್ಯಾಂಡಿನ ಜೊತೆ ಮೂಲ ಔಷಧದ ಹೆಸರೂ ಪಾಸ್‌ಪೋರ್ಟಿನಲ್ಲಿರುವಂತೆಯೇ ರೋಗಿಯ ಹೆಸರೂ ಇರಲಿ. ವಿಮಾನದಿಂದ ಇಳಿದಾಗ ಘೋಷಣೆಯಲ್ಲಿ ಔಷಧ ಇದೆ ಎಂದೇ ಬರೆಯಿಸಿ.

ಮುಗಿದ ಮೇಲೆ ಊರಿಂದ ಕೊರಿಯರಿನಲ್ಲಿ ತರಿಸೋಣ ಎಂದರೆ ಪೊಟ್ಟಣ ಗಡಿಯಲ್ಲೇ ನಿಲ್ಲಬಹುದು. ಬಿಡಿಸಿಕೊಳ್ಳಲು ಇಲ್ಲಿನ ಡಾಕ್ಟರ ಚೀಟಿ ಕೇಳುತ್ತಾರೆ. ಆರು ತಿಂಗಳು ಇರುವ ಯೋಜನೆ ಇದ್ದರೆ ಎರಡನೇ ತಿಂಗಳಲ್ಲೇ ಇಲ್ಲಿನ ಜೀಪಿಯನ್ನು ದುಡ್ಡು ಕೊಟ್ಟು ಕಂಡು, ಅದೇ ಗುಂಪಿನಲ್ಲಿ ಇಲ್ಲಿ ಅಗ್ಗವಾಗಿ ಸಿಗುವುದು ಯಾವುದು ಎಂದು ಕೇಳಿ. ಟೆಂಡರಿನಲ್ಲಿ ಗೆದ್ದ ಹಳೆಯ ಬಿಪಿ, ಕೊಲೆಸ್ಟೆರಾಲ್ ಮಾತ್ರೆಗಳಿಗೆ ಪೂರ್ತಿ ಬೆಲೆಯೂ ಹೆಚ್ಚಿನ ಸಲ ಭಯಪಟ್ಟಷ್ಟು ಇರುವುದಿಲ್ಲ. ಎರಡು ಮೂರು ಫಾರ್ಮಸಿಗೆ ಫೋನ್ ಮಾಡಿ ಬೆಲೆ ಕೇಳಿ, ಅನರ್ಹರಿಗೆ ಹಾಕುವ ಶುಲ್ಕ ಅಂಗಡಿಯಿಂದ ಅಂಗಡಿಗೆ ಬೇರೆ.